ಹೆಸರಿಲ್ಲದ ಮಡಿಚುವ ಕ್ಯಾಮೆರಾ: ಎಲ್ಲಿಯದು, ಯಾವ ಕಾಲದ್ದು?

ಮುನಿರಾಬಾದ್ ನಿವಾಸಿ

ಮಾನ್ಯರೆ,

ನಮ್ಮ ಅಜ್ಜನವರಿಂದ ಬಂದ ಒಂದು ಮಡಿಚುವ ಫಿಲ್ಮ್ ಕ್ಯಾಮೆರಾದ ತಯಾರಕರನ್ನೂ ಕಾಲವನ್ನೂ ಗುರುತಿಸಲು ತಮ್ಮ ನೆರವು ಬೇಕಾಗಿದೆ. ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ ನಡೆಯುತ್ತಿದ್ದಾಗ ಅಜ್ಜನವರು ಮುನಿರಾಬಾದಿನಲ್ಲಿ, ಎಂದರೆ ಹೈದರಾಬಾದ್ ಸಂಸ್ಥಾನದ ಕಡೆಯ ದಂಡೆಯಲ್ಲಿ, ಓವರ್‌ಸಿಯರ್ ಆಗಿದ್ದರು. ಈ ಕ್ಯಾಮೆರಾವನ್ನು ಇಂಗ್ಲಿಷ್ ಎಂಜಿನಿಯರೊಬ್ಬರು ಅವರಿಗೆ ಕೊಟ್ಟರೆಂದೂ, ಅದು ಮೊದಲನೆಯ ಮಹಾಯುದ್ಧಕ್ಕಿಂತ ಹಿಂದಿನದೆಂದೂ ಮನೆಯಲ್ಲಿ ಹೇಳುತ್ತ ಬಂದಿದ್ದಾರೆ. ಊರಿನ ಶಾಲೆಯವರು ಅಣೆಕಟ್ಟು ಕಟ್ಟಿದ ಕಾಲದ ವಸ್ತುಗಳನ್ನು ಕೂಡಿಸಿ ಸಣ್ಣದೊಂದು ಪ್ರದರ್ಶನ ಇಡಲಿದ್ದಾರೆ. ಕ್ಯಾಮೆರಾದ ಪಕ್ಕದಲ್ಲಿಡುವ ಚೀಟಿಯ ಮೇಲೆ ಕೇಳಿದ ಮಾತನ್ನೇ ವರ್ಷವೆಂದು ಬರೆಯಲು ನನಗೆ ಮನಸ್ಸಾಗುತ್ತಿಲ್ಲ.

ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಮಡಿಚಿದಾಗ ಕ್ಯಾಮೆರಾ ಸುಮಾರು 17 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ, 4 ಸೆಂ.ಮೀ. ದಪ್ಪ ಇದೆ. ಲೋಹದ ಮೈಗೆ ಕಪ್ಪು ಹೊದಿಕೆ ಅಂಟಿಸಿದ್ದಾರೆ. ಮೇಲಿನ ಗುಂಡಿ ಒತ್ತಿದರೆ ಮುಚ್ಚಳ ಬಿಚ್ಚಿಕೊಂಡು ಲೆನ್ಸ್ ತಾನಾಗಿಯೇ ಮುಂದೆ ಬಂದು ನಿಲ್ಲುತ್ತದೆ. ಬೆಲ್ಲೋಸ್, ಎಂದರೆ ಲೆನ್ಸಿಗೂ ಮೈಗೂ ನಡುವಿನ ಮಡಿಕೆಯ ಚೀಲ, ಕಪ್ಪು ಬಣ್ಣದ್ದು. ಚಿತ್ರ ತೆಗೆಯುವ ಗುಂಡಿ ಲೆನ್ಸಿನ ಬಳಿ ಇಲ್ಲ, ಮೈಯ ಮೇಲ್ಭಾಗದಲ್ಲಿದೆ. ಹಿಂಬದಿಯ ಬಾಗಿಲಲ್ಲಿ ಒಂದೇ ಸಾಲಿನಲ್ಲಿ ಎರಡು ಕೆಂಪು ಕಿಟಕಿಗಳಿವೆ, ಎರಡಕ್ಕೂ ಸರಿಸುವ ಲೋಹದ ಮುಚ್ಚಳವಿದೆ. ಲೆನ್ಸಿನ ಸುತ್ತ ‘ಅನಾಸ್ಟಿಗ್ಮಾಟ್ 1:6,3 ಎಫ್=10,5 ಸೆಂ.ಮೀ.’ ಎಂದಷ್ಟೇ ಇದೆ. ಅಪರ್ಚರ್, ಎಂದರೆ ಬೆಳಕು ಒಳಬರುವ ಕಂಡಿಯ ಅಳತೆಯ, ಅಂಕಿಗಳು 6.3, 9, 12.5, 18, 25. ಬೆಳಕನ್ನು ಕ್ಷಣಕಾಲ ಒಳಬಿಡುವ ಶಟರಿನ ಮೇಲೆ ಅದರ ವೇಗ ತೋರುವ ಟಿ, ಬಿ, 25, 50, 100 ಇವೆ. ದೂರದ ಅಳತೆ ಅಡಿಗಳಲ್ಲಿದೆ. ಶಟರಿನ ಬದಿಯಲ್ಲಿ ಫ್ಲ್ಯಾಶ್ ತಂತಿ ಸಿಕ್ಕಿಸುವ ಸಣ್ಣ ಸಾಕೆಟ್ ಒಂದಿದೆ. ಚರ್ಮದ ಚೀಲದಲ್ಲಿ ಕೆಲವು ನೆಗೆಟಿವ್‌ಗಳೂ ಇದ್ದವು.

ಇಷ್ಟರಿಂದ ಕಾಲವನ್ನು ಹೇಳಲು ಸಾಧ್ಯವೇ? ಬೇರೆ ಏನನ್ನಾದರೂ ನೋಡಬೇಕೆ?

ಹಳೇ ಸ್ಟುಡಿಯೊ, ರಾಯಚೂರು

ನಮಸ್ಕಾರ ಸರ್. ನಮ್ಮ ತಂದೆಯವರ ಕಾಲದಿಂದ ಸ್ಟುಡಿಯೊ ನಡೆಸಿದವನಾದ್ದರಿಂದ ನಾಲ್ಕು ಮಾತು ಬರೆಯುತ್ತೇನೆ.

ಮೊದಲು ಫಿಲ್ಮಿನ ಗಾತ್ರ ನೋಡಿ. ಚಿತ್ರ ಬೀಳುವ ಚೌಕಟ್ಟು ಸುಮಾರು 6×9 ಸೆಂ.ಮೀ. ಇದ್ದರೆ ಅದು 120 ಇಲ್ಲವೆ 620 ರೀಲಿನದು. ಎರಡರ ಫಿಲ್ಮ್ ಒಂದೇ, ಸುತ್ತುವ ಸ್ಪೂಲ್ ಮಾತ್ರ ಬೇರೆ. 620ರ ದಂಟು ಸಣ್ಣದು, ತಟ್ಟೆಯೂ ಕಿರಿದು. ಈಗ ಅಂಗಡಿಯಲ್ಲಿ ಸಿಗುವ 120 ರೀಲು ಬಿಗಿಯಿಲ್ಲದೆ ಕೂತರೆ ಕ್ಯಾಮೆರಾ 120ರದು. 120 ರೀಲನ್ನು ಕೊಡಾಕ್ ಕಂಪನಿ 1901ರಲ್ಲಿಯೇ ತಂದಿತ್ತಾದ್ದರಿಂದ, ಆ ಅಂಕಿಯೊಂದನ್ನೇ ಹಿಡಿದು ವರ್ಷ ಹೇಳಲಾಗದು.

ಆದರೆ ತಾವು ಹೇಳಿದ ಫ್ಲ್ಯಾಶ್ ಸಾಕೆಟ್ ದೊಡ್ಡ ಸುಳಿವು. ಮಡಿಚುವ ಕ್ಯಾಮೆರಾಗಳ ಶಟರಿಗೆ ಕಾರ್ಖಾನೆಯಲ್ಲಿಯೇ ಸಾಕೆಟ್ ಕೂಡಿಸಿ ಕಳುಹಿಸುವ ರೂಢಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಂದದ್ದು. ಆ ಸಾಕೆಟ್ ಮೂಲದ್ದೇ ಆಗಿದ್ದರೆ ಈ ಕ್ಯಾಮೆರಾ 1948–55ರ ನಡುವಿನದೆಂದು ನನ್ನ ಅಂದಾಜು. ಅಣೆಕಟ್ಟಿನ ಕೆಲಸದ ಕಾಲಕ್ಕೂ ಅದು ಹೊಂದುತ್ತದೆ. ಮೊದಲನೆಯ ಯುದ್ಧದ ಮಾತು ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಕಡೆ ಹಳೆಯ ಕ್ಯಾಮೆರಾ ಎಂದೊಡನೆ ಆಗ್ಫಾ ಕ್ಲಿಕ್ ಥ್ರೀ ಎನ್ನುವವರಿದ್ದಾರೆ. ಅದು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಪ್ಲಾಸ್ಟಿಕ್ ಡಬ್ಬಿ ಕ್ಯಾಮೆರಾ, ಮಡಿಚುವಂಥದ್ದಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ.

ಕೌಲ್ ಬಜಾರ್

ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಹಳೆಯ ಮಡಿಚುವ ಕ್ಯಾಮೆರಾಗಳನ್ನು ಸಂಗ್ರಹಿಸುವ ಹವ್ಯಾಸ ನನ್ನದು. ಸ್ಟುಡಿಯೊದ ಹಿರಿಯರು ಸಾಕೆಟ್ಟಿನ ಬಗ್ಗೆ ಹೇಳಿದ್ದು ರೂಢಿಯ ಮಟ್ಟಿಗೆ ಸರಿ, ಆದರೆ ಉಳಿದ ಎಲ್ಲ ಲಕ್ಷಣಗಳೂ ಅದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತಿವೆ. ಹೀಗಾದಾಗ ಸಾಕೆಟ್ಟನ್ನೇ ಮೊದಲು ಸಂಶಯದಿಂದ ನೋಡಬೇಕು.

ಹೆಸರಿಲ್ಲದ ಕ್ಯಾಮೆರಾದ ವಿಷಯದಲ್ಲಿ ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಆ ಕಾಲದ ಜರ್ಮನಿಯಲ್ಲಿ ಮೈ ಒಬ್ಬರದು, ಶಟರ್ ಇನ್ನೊಬ್ಬರದು, ಲೆನ್ಸ್ ಮತ್ತೊಬ್ಬರದು ಆಗಿರುತ್ತಿತ್ತು. ಡ್ರೆಸ್ಡೆನ್ನಿನ ಬಾಲ್ಡಾ ಮತ್ತು ಚೆರ್ಟೊ, ಅದರ ಸಮೀಪದ ಫ್ರೈಟಾಲ್‌ನ ವೆಲ್ಟಾ ಮತ್ತು ಬೈಯರ್, ಬೈರಾಯ್ಟ್‌ನ ಫ್ರಾಂಕಾ, ವೀಸ್‌ಬಾಡೆನ್ನಿನ ವಿರ್ಗಿನ್ ಮುಂತಾದವರು ಮೈ ಕಟ್ಟಿ, ಮ್ಯೂನಿಕ್‌ನ ಡೆಕೆಲ್ ಅಥವಾ ಕಾಲ್ಮ್‌ಬಾಖ್‌ನ ಗೋಟಿಯರ್ ಕಾರ್ಖಾನೆಯಿಂದ ಶಟರನ್ನೂ, ಗೋರ್ಲಿಟ್ಸ್‌ನ ಮೇಯರ್, ಕ್ರಾಯ್ಟ್ಸ್‌ನಾಖ್‌ನ ಶ್ನೈಡರ್, ಮ್ಯೂನಿಕ್‌ನ ರೋಡೆನ್‌ಸ್ಟಾಕ್ ಮೊದಲಾದವರಿಂದ ಲೆನ್ಸನ್ನೂ ಕೊಂಡು ಜೋಡಿಸುತ್ತಿದ್ದರು. ಹೀಗೆ ಸಿದ್ಧವಾದ ಎಷ್ಟೋ ಕ್ಯಾಮೆರಾಗಳು ವ್ಯಾಪಾರಿಯ ಹೆಸರಿನಲ್ಲಿಯೋ, ಯಾವ ಹೆಸರೂ ಇಲ್ಲದೆಯೋ ಮಾರಾಟವಾಗುತ್ತಿದ್ದವು. ಆದ್ದರಿಂದ ‘ಇದು ಯಾವ ಕಂಪನಿಯದು’ ಎಂಬ ಪ್ರಶ್ನೆಗಿಂತ ‘ಇದರ ಒಂದೊಂದು ಭಾಗವೂ ಯಾವಾಗಿನಿಂದ ಯಾವಾಗಿನವರೆಗೆ ಬಳಕೆಯಲ್ಲಿತ್ತು’ ಎಂಬ ಪ್ರಶ್ನೆಯೇ ಹೆಚ್ಚು ಫಲ ಕೊಡುತ್ತದೆ.

ಈಗ ತಮ್ಮ ಕ್ಯಾಮೆರಾವನ್ನು ಹಾಗೆ ನೋಡೋಣ. ಮೊದಲನೆಯ ಮಹಾಯುದ್ಧಕ್ಕಿಂತ ಹಿಂದಿನ ರೀಲು ಕ್ಯಾಮೆರಾಗಳಲ್ಲಿ ಲೆನ್ಸಿನ ಹಲಗೆಯನ್ನು ಕೈಯಿಂದ ಹಳಿಯ ಮೇಲೆ ಎಳೆದು ನಿಲ್ಲಿಸಬೇಕಾಗುತ್ತಿತ್ತು. ಗುಂಡಿ ಒತ್ತಿದೊಡನೆ ಲೆನ್ಸ್ ತಾನೇ ಎದ್ದು ನಿಲ್ಲುವ ಏರ್ಪಾಡು ಅಗ್ಗದ ಕ್ಯಾಮೆರಾಗಳವರೆಗೂ ಹರಡಿದ್ದು 1930ರ ಸುಮಾರಿಗೆ. ಮೈಯ ಮೇಲೆ ಚಿತ್ರ ತೆಗೆಯುವ ಗುಂಡಿ ಬಂದದ್ದು ಇನ್ನೂ ಸ್ವಲ್ಪ ತಡವಾಗಿ, ಆ ದಶಕದ ನಡುವೆ. ಅಪರ್ಚರ್ ಅಂಕಿಗಳೂ ಹೀಗೆಯೇ ಮಾತಾಡುತ್ತವೆ. ಹಳೆಯ ಕೊಡಾಕ್‌ಗಳಲ್ಲಿ 4, 8, 16, 32, 64 ಎಂಬ ಬೇರೆಯೇ ಲೆಕ್ಕದ ಅಂಕಿಗಳು ಇರುತ್ತಿದ್ದವು. ತಮ್ಮಲ್ಲಿರುವ 6.3, 9, 12.5, 18, 25 ಎಂಬ ಸಾಲು ಯುರೋಪು ಖಂಡದ ಹಳೆಯ ಪದ್ಧತಿ. ನಾವು ಇಂದು ಬಳಸುವ 5.6, 8, 11, 16 ಎಂಬ ಸಾಲು 1930ರ ದಶಕದ ಉತ್ತರಾರ್ಧದಲ್ಲಿ ಅದನ್ನು ಹಿಂದೆ ಸರಿಸಿತು. ಹತ್ತು ಮತ್ತು ಅರ್ಧ ಸೆಂಟಿಮೀಟರನ್ನು ಚುಕ್ಕಿಯಿಂದಲ್ಲದೆ ಅಲ್ಪವಿರಾಮದಿಂದ ಬರೆದಿರುವುದೂ ಆ ಖಂಡದವರ ರೂಢಿಯೇ.

ನನಗೆ ಎಲ್ಲಕ್ಕಿಂತ ರುಚಿಯಾಗಿ ಕಂಡದ್ದು ಒಂದೇ ಸಾಲಿನ ಎರಡು ಕೆಂಪು ಕಿಟಕಿಗಳು. ಆಗಿನ 120 ರೀಲಿನ ಹಿಂಬದಿಯ ಕಾಗದದ ಮೇಲೆ 6×9 ಚಿತ್ರಗಳಿಗೆಂದು 1ರಿಂದ 8ರವರೆಗೆ ಮಾತ್ರ ಅಂಕಿಗಳಿದ್ದವು. ಅರ್ಧ ಗಾತ್ರದ ಹದಿನಾರು ಚಿತ್ರ ಬೇಕೆಂದವರಿಗೆ ತಯಾರಕರು ಒಂದು ಉಪಾಯ ಹುಡುಕಿದರು: ಒಂದೇ ಅಂಕಿಯನ್ನು ಮೊದಲು ಒಂದು ಕಿಟಕಿಯಲ್ಲಿ ತಂದು ಒಂದು ಚಿತ್ರ, ಅದನ್ನೇ ಎರಡನೆಯ ಕಿಟಕಿಗೆ ಸುತ್ತಿ ಇನ್ನೊಂದು ಚಿತ್ರ. ಇದು 1930ರ ದಶಕದ ಗುರುತು. ಮುಂದೆ ರೀಲಿನ ಕಾಗದದ ಮೇಲೆಯೇ ಹದಿನಾರು ಅಂಕಿಗಳ ಬೇರೆ ಸಾಲು ಬಂದಾಗ ಈ ಉಪಾಯ ಬೇಕಾಗಲಿಲ್ಲ. ಚಿತ್ರದ ಚೌಕಟ್ಟಿನ ಬದಿಗಳಲ್ಲಿ ತಗಡಿನ ಅರ್ಧಮುಚ್ಚಳ ಕೂಡಿಸುವ ಸಂದು ಇದೆಯೇ ನೋಡಿ. ಮುಚ್ಚಳ ಕಳೆದಿದ್ದರೂ ಸಂದು ಉಳಿದಿರುತ್ತದೆ. ಕಿಟಕಿಗೆ ಸರಿಸುವ ಮುಚ್ಚಳ ಇರುವುದಕ್ಕೂ ಕಾರಣವಿದೆ. ಹಿಂದಿನ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ; ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಳಕೆ ಹೆಚ್ಚಿದಂತೆ ಕೆಂಪು ಗಾಜಿನಿಂದಲೂ ಫಿಲ್ಮ್ ಕೆಡತೊಡಗಿತು.

ಇನ್ನು ತಾವು ನೋಡಬೇಕಾದವು. ಕತ್ತಲಾದ ಮೇಲೆ ಟಾರ್ಚನ್ನು ಕ್ಯಾಮೆರಾದ ಮೈಗೆ ಸಮನಾಗಿ ಬದಿಯಿಂದ ಹಿಡಿದು ಹೊದಿಕೆಯನ್ನೆಲ್ಲ ಪರೀಕ್ಷಿಸಿ. ನೇರ ಬೆಳಕಿನಲ್ಲಿ ಕಾಣದ ಒತ್ತು ಅಕ್ಷರಗಳು ಓರೆ ಬೆಳಕಿನಲ್ಲಿ ನೆರಳು ಬೀರಿ ಕಾಣುತ್ತವೆ. ಹಿಡಿಯ ಪಟ್ಟಿಯ ಕೆಳಗೆ, ಕ್ಯಾಮೆರಾ ನಿಲ್ಲಿಸುವ ಕಾಲಿನ ಒಳಬದಿಯಲ್ಲಿ, ಹಿಂಬಾಗಿಲಿನ ಒಳಗಿನ ತಟ್ಟೆಯ ಮೇಲೆ, ಶಟರಿನ ಮುಖದ ಕೆಳ ಅಂಚಿನಲ್ಲಿ ವಿಶೇಷವಾಗಿ ನೋಡಿ. ಲೆನ್ಸಿನ ಮುಂದೆ ಟಾರ್ಚ್ ಹಿಡಿದಾಗ ಕಾಣುವ ಪ್ರತಿಬಿಂಬಗಳ ಬಣ್ಣ ಬಿಳಿಯೋ, ನೀಲಿ ನೇರಳೆಯೋ ತಿಳಿಸಿ. ಲೆನ್ಸಿಗೆ ಪ್ರತಿಫಲನ ತಡೆಯುವ ಲೇಪ ಕೊಡುವ ವಿಧಾನಕ್ಕೆ ತ್ಸೈಸ್ ಸಂಸ್ಥೆ 1935ರಲ್ಲಿ ಪೇಟೆಂಟ್ ಪಡೆಯಿತಾದರೂ, ಸಾಮಾನ್ಯರ ಕ್ಯಾಮೆರಾಗಳಿಗೆ ಅದು ಬಂದದ್ದು ಯುದ್ಧದ ನಂತರವೇ. ಕೊನೆಯದಾಗಿ ಆ ಸಾಕೆಟ್: ಅದಕ್ಕಾಗಿ ಕೊರೆದ ತೂತು ಬಣ್ಣವನ್ನೋ ಅಂಕಿಯನ್ನೋ ಕತ್ತರಿಸಿದೆಯೇ, ಹತ್ತಿರದಲ್ಲಿ ಫ್ಲ್ಯಾಶಿನ ಬಗೆಯನ್ನು ಸೂಚಿಸುವ ಎಂ ಮತ್ತು ಎಕ್ಸ್ ಎಂಬ ಅಕ್ಷರಗಳಿವೆಯೇ ಎಂಬುದನ್ನು ನೋಡಿ.

ದಯವಿಟ್ಟು ಯಾವುದಕ್ಕೂ ಎಣ್ಣೆ ಹಾಕಬೇಡಿ, ಬ್ರಾಸೊ ಹಚ್ಚಿ ಉಜ್ಜಬೇಡಿ. ಅಕ್ಷರಗಳಲ್ಲಿ ಉಳಿದ ಬಣ್ಣವೇ ನಮ್ಮ ಸಾಕ್ಷಿ.

ಮುನಿರಾಬಾದ್ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ಸೂಚಿಸಿದಂತೆ ಎಲ್ಲವನ್ನೂ ನೋಡಿದೆ.

120 ರೀಲಿನ ಸ್ಪೂಲ್ ಸರಿಯಾಗಿ ಕೂರುತ್ತದೆ. ಚೌಕಟ್ಟಿನ ಎರಡು ಬದಿಗಳಲ್ಲಿ ಸಣ್ಣ ಸಂದುಗಳಿವೆ, ಮುಚ್ಚಳ ಇಲ್ಲ. ಲೆನ್ಸಿನ ಪ್ರತಿಬಿಂಬಗಳೆಲ್ಲ ಬಿಳಿಯಾಗಿವೆ. ಆರು ಸ್ಪಷ್ಟವಾಗಿ ಕಂಡವು. ಹಿಡಿಯ ಪಟ್ಟಿ ಕೂಡುವ ತುದಿಯಲ್ಲಿ, ಓರೆ ಬೆಳಕಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಮೇಡ್ ಇನ್ ಜರ್ಮನಿ’ ಎಂದು ಓದಲಾಯಿತು. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಶಟರಿನ ಕೆಳ ಅಂಚಿನಲ್ಲಿ ‘ಡಿ.ಆರ್.ಪಿ.’ ಮತ್ತು ‘ಡಿ.ಆರ್.ಜಿ.ಎಂ.’ ಎಂಬ ಅಕ್ಷರಗಳಿವೆ. ಅವುಗಳ ಅರ್ಥ ತಿಳಿಯಲಿಲ್ಲ.

ಸಾಕೆಟ್ಟಿನ ಬಗ್ಗೆ: ಅದರ ಅಂಚು 100 ಎಂಬ ಅಂಕಿಯ ಕೊನೆಯ ಸೊನ್ನೆಯನ್ನು ಅರ್ಧ ನುಂಗಿದೆ. ಅದರ ಬುಡದಲ್ಲಿ ಕೆಂಪು ಬಣ್ಣದ ಒಂದು ವಾಷರ್ ಇದೆ, ಸುತ್ತಲಿನ ಕಪ್ಪು ಬಣ್ಣ ಸಿಬಿರೆದ್ದಿದೆ. ಎಂ ಅಥವಾ ಎಕ್ಸ್ ಎಲ್ಲಿಯೂ ಇಲ್ಲ.

ಕೌಲ್ ಬಜಾರ್

ಹಾಗಾದರೆ ಸಾಕೆಟ್ ಕಾರ್ಖಾನೆಯದಲ್ಲ. ತಾನೇ ಬರೆದ ಅಂಕಿಯನ್ನು ತಾನೇ ಅಳಿಸುವ ಕಾರ್ಖಾನೆ ಇರಲಾರದು. ಯುದ್ಧದ ನಂತರ ಫ್ಲ್ಯಾಶ್ ಬಲ್ಬು ಬಳಕೆಗೆ ಬಂದಾಗ ಹಳೆಯ ಶಟರುಗಳಿಗೆ ಹೀಗೆ ಸಾಕೆಟ್ ಕೂಡಿಸಿಕೊಡುವ ರಿಪೇರಿಯವರು ಎಲ್ಲ ದೊಡ್ಡ ಊರುಗಳಲ್ಲಿಯೂ ಇದ್ದರು. ಅಜ್ಜನವರು ಮದುವೆ ಮುಂಜಿಗಳಲ್ಲಿ ಒಳಾಂಗಣದ ಚಿತ್ರ ತೆಗೆಯುತ್ತಿದ್ದರೇನೋ, ಮನೆಯ ಆಲ್ಬಮ್ಮಿನಲ್ಲಿ ನೋಡಿ.

ಡಿ.ಆರ್.ಪಿ. ಎಂದರೆ ಜರ್ಮನ್ ರಾಷ್ಟ್ರದ ಪೇಟೆಂಟ್, ಡಿ.ಆರ್.ಜಿ.ಎಂ. ಎಂದರೆ ಅದಕ್ಕಿಂತ ಕಿರಿಯ ದರ್ಜೆಯ, ಉಪಯುಕ್ತ ವಿನ್ಯಾಸಕ್ಕೆ ಕೊಡುತ್ತಿದ್ದ ನೋಂದಣಿ. ಇವೆರಡೂ 1945ರವರೆಗಿನ ಜರ್ಮನಿಯವು. ಪಶ್ಚಿಮ ಜರ್ಮನಿಯ ಪೇಟೆಂಟ್ ಕಚೇರಿ 1949ರಲ್ಲಿ ಮ್ಯೂನಿಕ್‌ನಲ್ಲಿ ತೆರೆದ ಮೇಲೆ ಬಂದ ಗುರುತು ಡಿ.ಬಿ.ಪಿ. ಎಂದು. ಯುದ್ಧಕ್ಕೆ ಮೊದಲು ಮಾಡಿಟ್ಟ ಬಿಡಿಭಾಗಗಳು ಯುದ್ಧದ ನಂತರವೂ ಕೆಲಕಾಲ ಬಳಕೆಯಾದವು ಎಂಬುದನ್ನು ಮರೆಯಬಾರದು. ಆದ್ದರಿಂದ ಈ ಅಕ್ಷರಗಳೊಂದನ್ನೇ ನಂಬಿ ನಾನು ತೀರ್ಪು ಕೊಡುವುದಿಲ್ಲ. ಆದರೆ ‘ಮೇಡ್ ಇನ್ ಜರ್ಮನಿ’ ಎಂಬ ಬರಹವೂ ಜೊತೆಗಿದೆ. ಯುದ್ಧದ ನಂತರ ರಫ್ತಾದ ಸರಕಿನ ಮೇಲೆ ‘ವೆಸ್ಟರ್ನ್ ಜರ್ಮನಿ’ ಎಂದೋ, ರಷ್ಯನ್ನರ ವಶದ ಪ್ರದೇಶವಾಗಿದ್ದರೆ ಅದನ್ನು ಸೂಚಿಸುವ ಮಾತೋ ಬಹುಮಟ್ಟಿಗೆ ಇರುತ್ತಿತ್ತು. ಲೇಪವಿಲ್ಲದ ಲೆನ್ಸೂ ಇದೇ ಕಡೆಗೆ ಕೈ ತೋರಿಸುತ್ತದೆ.

ಬರಹ ಇಂಗ್ಲಿಷಿನಲ್ಲಿರುವುದು, ದೂರದ ಅಳತೆ ಮೀಟರಿನಲ್ಲಿರದೆ ಅಡಿಯಲ್ಲಿರುವುದು ಇವೆರಡನ್ನೂ ಕೂಡಿಸಿ ಓದಿ. ಬ್ರಿಟನ್ನಿನ 1887ರ ಕಾನೂನಿನಿಂದ ಪರದೇಶದ ಸರಕಿನ ಮೇಲೆ ಹುಟ್ಟಿದ ದೇಶದ ಹೆಸರು ಒತ್ತುವುದು ವಾಡಿಕೆಯಾಯಿತು. ಈ ಕ್ಯಾಮೆರಾವನ್ನು ಇಂಗ್ಲಿಷ್ ಮಾತಿನ ಮಾರುಕಟ್ಟೆಗೆಂದೇ ಸಿದ್ಧಪಡಿಸಿದ್ದಾರೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದ ಮೇಲೆ ಬ್ರಿಟಿಷ್ ಭಾರತಕ್ಕೆ ಜರ್ಮನ್ ಸರಕು ಬರುವುದು ನಿಂತಿತು. ಹಾಗಾಗಿ ಮೇಲಿನ ಗಡಿ 1939. ಮೈಯ ಮೇಲಿನ ಗುಂಡಿಯಿಂದಾಗಿ ಕೆಳಗಿನ ಗಡಿ 1934ರ ಸುಮಾರು. ಹಳೆಯ ಅಪರ್ಚರ್ ಸಾಲನ್ನು ಗಣನೆಗೆ ತಂದರೆ ಆ ಅವಧಿಯ ಮೊದಲರ್ಧದ ಕಡೆಗೇ ನನ್ನ ಒಲವು.

ಆರು ಪ್ರತಿಬಿಂಬ ಎಂದರೆ ಬಿಡಿಬಿಡಿಯಾಗಿ ನಿಂತ ಮೂರು ಗಾಜುಗಳ ಲೆನ್ಸ್. ಟೆಸ್ಸಾರ್ ಮಾದರಿಯ ನಾಲ್ಕು ಗಾಜಿನದಾಗಿದ್ದರೆ, ಅಂಟಿಸಿದ ಜೋಡಿಯ ನಡುವಿನಿಂದ ಏಳನೆಯದೊಂದು ಮಂಕಾಗಿ ಕಾಣುತ್ತಿತ್ತು. ಮೂರೇ ವೇಗಗಳ ಶಟರ್ ಕೂಡ ಮಧ್ಯಮ ಬೆಲೆಯ ಕ್ಯಾಮೆರಾದ ಲಕ್ಷಣ. ಶಟರಿನ ಮೇಲೆ ಡೆಕೆಲ್ ಕಾರ್ಖಾನೆಯ ‘ಕಾಂಪುರ್’ ಎಂಬ ಹೆಸರಿದ್ದರೆ ಅದರ ಸಂಖ್ಯೆಯಿಂದ ಇನ್ನೂ ಹತ್ತಿರದ ವರ್ಷಕ್ಕೆ ಹೋಗಬಹುದಿತ್ತು, ಆ ಅನುಕೂಲ ಇಲ್ಲಿಲ್ಲ.

ಗಂಗಾವತಿ ಓದುಗಿ

ಕ್ಯಾಮೆರಾದ ವಿಷಯ ಹಿರಿಯರು ಹೇಳಿದ್ದಾರೆ. ನಾನು ನೆಗೆಟಿವ್‌ಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅವುಗಳ ಕಡೆ ಯಾರ ಗಮನವೂ ಹೋದಂತಿಲ್ಲ.

ಆ ನೆಗೆಟಿವ್‌ಗಳು ಇದೇ ಕ್ಯಾಮೆರಾದವೇ ಎಂಬುದನ್ನು ಪರೀಕ್ಷಿಸಬಹುದು. ಫಿಲ್ಮಿನ ಮುಂದಿರುವ ಲೋಹದ ಚೌಕಟ್ಟಿನ ಅಂಚಿನಲ್ಲಿ ಚಿಕ್ಕ ಕಚ್ಚು, ಡೊಂಕು, ಬಣ್ಣ ಎದ್ದ ಗುರುತು ಇದ್ದರೆ ಪ್ರತಿಯೊಂದು ಚಿತ್ರದ ಅಂಚಿನಲ್ಲಿಯೂ ಅದೇ ಜಾಗದಲ್ಲಿ ಅದರ ಆಕಾರ ಮೂಡಿರುತ್ತದೆ. ಹಿಂಬಾಗಿಲು ತೆರೆದು, ನೆಗೆಟಿವ್‌ನ ಹೊಳಪಿನ ಬದಿ ತಮ್ಮ ಕಡೆಗೆ ಬರುವಂತೆ, ಚಿತ್ರ ತಲೆಕೆಳಗಾಗುವಂತೆ ಚೌಕಟ್ಟಿನ ಮೇಲೆ ಹಿಡಿದು ಅಂಚುಗಳನ್ನು ಹೋಲಿಸಿ. ಕೈಗೆ ಹತ್ತಿಯ ಗವಸು ಇರಲಿ.

ಚಿತ್ರಗಳಲ್ಲಿ ಅಣೆಕಟ್ಟು ಕಾಣುತ್ತಿದ್ದರೆ, ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು, ನೀರು ಬಿಟ್ಟದ್ದು 1953ರಲ್ಲಿ. ಕಟ್ಟಡ ಎಷ್ಟು ಎತ್ತರಕ್ಕೆ ಬಂದಿದೆ ಎಂಬುದರಿಂದ ಆ ನಡುವಿನ ಕಾಲವನ್ನು ಅಂದಾಜು ಮಾಡಬಹುದು. ಆದರೆ ಅದು ಕ್ಯಾಮೆರಾ ಬಳಸಿದ ಕಾಲ, ತಯಾರಾದ ಕಾಲವಲ್ಲ. ಚೀಟಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯುವುದು ಒಳ್ಳೆಯದು.

ಫಿಲ್ಮಿನ ಅಂಚಿನಲ್ಲಿ ‘ಸೇಫ್ಟಿ’ ಎಂದಿದೆಯೋ ‘ನೈಟ್ರೇಟ್’ ಎಂದಿದೆಯೋ ತಪ್ಪದೆ ನೋಡಿ. ಹಳೆಯ ನೈಟ್ರೇಟ್ ಫಿಲ್ಮ್ ಬೇಗನೆ ಹೊತ್ತಿಕೊಳ್ಳುವ ವಸ್ತು. ಹಳದಿಗಟ್ಟಿ, ಅಂಟಂಟಾಗಿ, ಕಟುವಾದ ವಾಸನೆ ಬರುತ್ತಿದ್ದರೆ ನಮ್ಮ ಬೇಸಿಗೆಯ ಬಿಸಿಲಿಗೆ ಅದನ್ನು ಮುಚ್ಚಿದ ತಗಡಿನ ಡಬ್ಬಿಯಲ್ಲಿ ಇಡಲೇಬಾರದು. ಚೂರು ಕತ್ತರಿಸಿ ಸುಟ್ಟು ಪರೀಕ್ಷಿಸಲು ಹೇಳುವವರ ಮಾತನ್ನಂತೂ ಕೇಳಬೇಡಿ.

ಹಳೇ ಸ್ಟುಡಿಯೊ, ರಾಯಚೂರು

ಅಂಕಿ ಕತ್ತರಿಸಿ ಕೂರಿಸಿದ ಸಾಕೆಟ್ ರಿಪೇರಿಯವರದೇ, ಸಂಶಯವಿಲ್ಲ. ನನ್ನದೊಂದು ಸಲಹೆ: ಚರ್ಮದ ಚೀಲದ ಮುಚ್ಚಳದ ಒಳಬದಿಯನ್ನೂ ಅದೇ ಓರೆ ಬೆಳಕಿನಲ್ಲಿ ನೋಡಿ. ಮುಂಬಯಿ ಮತ್ತು ಮದ್ರಾಸಿನ ರೈಲು ಹಾದಿಗಳು 1871ರಲ್ಲಿ ರಾಯಚೂರಿನಲ್ಲಿಯೇ ಬಂದು ಕೂಡಿದ್ದರಿಂದ ಈ ಸೀಮೆಗೆ ಎರಡೂ ಊರುಗಳ ಸರಕು ಬರುತ್ತಿತ್ತು. ಮಾರಿದ ಅಂಗಡಿಯ ಮುದ್ರೆ ಸಿಕ್ಕರೆ, ಇಂಗ್ಲಿಷ್ ಎಂಜಿನಿಯರರ ಕಥೆ ಎಷ್ಟು ನಿಜವೆಂಬುದಕ್ಕೆ ಏನಾದರೂ ಆಧಾರ ಸಿಗಬಹುದು. ಯುದ್ಧಕ್ಕೆ ಮೊದಲಿನ ಕ್ಯಾಮೆರಾ 1945ರ ನಂತರ ಅಜ್ಜನವರ ಕೈಸೇರಿದ್ದರೆ ಅದು ಯಾರಿಂದಲೋ ಬಂದದ್ದೇ ಇರಬೇಕು. ಆ ಮಟ್ಟಿಗೆ ಮನೆಯವರ ಮಾತನ್ನು ತಳ್ಳಿಹಾಕುವಂತಿಲ್ಲ.

ಗುರುತುಗಳನ್ನೂ ಮೈಯ ಆಕಾರವನ್ನೂ ಕೇಳಿದರೆ ನನಗೆ ಬಾಲ್ಡಾ ಎನಿಸುತ್ತದೆ. ಚೀಟಿಯಲ್ಲಿ ಪ್ರಶ್ನೆಯ ಚಿಹ್ನೆ ಹಾಕಿ ಬರೆಯಬಹುದೇನೊ.

ಕೌಲ್ ಬಜಾರ್

ಬರೆಯಬೇಡಿ ಎಂದು ನನ್ನ ವಿನಂತಿ. ಆಗ್ಫಾದ ಬಿಲ್ಲಿ, ಫೋಗ್ಟ್‌ಲೆಂಡರ್‌ನ ಬೆಸ್ಸಾ, ತ್ಸೈಸ್ ಐಕಾನ್‌ನ ನೆಟ್ಟಾರ್ ಮುಂತಾದವು ತಮ್ಮ ಹೆಸರನ್ನು ಮೈಮೇಲೆ ಒತ್ತಿಕೊಂಡೇ ಬರುತ್ತಿದ್ದವಾದ್ದರಿಂದ ಅವು ಅಲ್ಲವೆಂದು ಹೇಳಬಹುದು. ಉಳಿದ ಕಾರ್ಖಾನೆಗಳ ಮೈಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಮುಚ್ಚಳದ ತೋಳುಗಳ ಆಕಾರ, ಬಾಗಿಲಿನ ಚಿಲಕ, ಸುತ್ತುವ ಕೀಲಿ ಇವುಗಳನ್ನು ಹೆಸರಿರುವ ಇನ್ನೊಂದು ಕ್ಯಾಮೆರಾದ ಪಕ್ಕದಲ್ಲಿಟ್ಟು ನೋಡದೆ ಒಂದನ್ನೇ ಆರಿಸುವುದು ಸಲ್ಲದು. ಚೀಟಿಯ ಮೇಲಿನ ಪ್ರಶ್ನೆಯ ಚಿಹ್ನೆ ಎರಡು ವರ್ಷದಲ್ಲಿ ಉದುರಿಹೋಗುತ್ತದೆ, ಹೆಸರು ಮಾತ್ರ ಉಳಿಯುತ್ತದೆ. ತೋಳುಗಳ ಚಿತ್ರವನ್ನು ಎರಡೂ ಬದಿಯಿಂದ ತೆಗೆದು ಇಲ್ಲಿ ಹಾಕಿದರೆ, ನನ್ನ ಬಳಿ ಇರುವ ವೆಲ್ಟಾ ಮತ್ತು ಬಾಲ್ಡಾಗಳೊಡನೆ ಹೋಲಿಸಿ ತಿಳಿಸುತ್ತೇನೆ.

ಮುನಿರಾಬಾದ್ ನಿವಾಸಿ

ಚಿತ್ರಗಳನ್ನು ಹಾಕುತ್ತೇನೆ. ನೆಗೆಟಿವ್‌ಗಳ ಅಂಚಿನಲ್ಲಿ ‘ಸೇಫ್ಟಿ’ ಎಂದೇ ಇದೆ, ಚೌಕಟ್ಟಿನ ಎಡ ಮೂಲೆಯ ಒಂದು ಕಚ್ಚು ಎಲ್ಲ ನೆಗೆಟಿವ್‌ಗಳಲ್ಲಿಯೂ ಕಾಣುತ್ತಿದೆ. ಚೀಲದ ಒಳಗೆ ಯಾವ ಮುದ್ರೆಯೂ ಸಿಗಲಿಲ್ಲ. ಸದ್ಯಕ್ಕೆ ಚೀಟಿಯನ್ನು ಹೀಗೆ ಬರೆದಿದ್ದೇನೆ: ‘ಮಡಿಚುವ ರೀಲು ಕ್ಯಾಮೆರಾ, 120 ಫಿಲ್ಮಿನದು. ಜರ್ಮನಿ, ಸುಮಾರು 1934–39. ತಯಾರಕರ ಹೆಸರಿಲ್ಲ. ತುಂಗಭದ್ರಾ ಅಣೆಕಟ್ಟಿನ ಕಾಮಗಾರಿಯ ಚಿತ್ರಗಳನ್ನು ಇದರಿಂದ ತೆಗೆಯಲಾಗಿದೆ.’

ಹಳೇ ಸ್ಟುಡಿಯೊ, ರಾಯಚೂರು

‘ಫ್ಲ್ಯಾಶ್ ಸಾಕೆಟ್ ನಂತರ ಕೂಡಿಸಿದ್ದು’ ಎಂದೂ ಒಂದು ಸಾಲು ಸೇರಿಸಿ ಸರ್. ಇಲ್ಲದಿದ್ದರೆ ಪ್ರದರ್ಶನಕ್ಕೆ ಬಂದ ನನ್ನಂಥ ಯಾರಾದರೂ ಶಾಲೆಯವರೊಡನೆ ವಾದಕ್ಕೆ ನಿಲ್ಲುತ್ತಾರೆ.